ಗಸ್ತು ಪುಸ್ತಕದ ಹಳದಿ ಹೆಬ್ಬೆಟ್ಟು

ನಮ್ಮ ಅಬ್ಬಾ ಅಬ್ದುಲಸಮದ ಮೂವತ್ತೊಂದು ವರ್ಷ ರೈಲ್ವೆಯಲ್ಲಿ ಕೀಮನ್ ಆಗಿದ್ದರು. ಕೀಮನ್ ಅಂದರೆ ಏನು ಎಂದು ಕೇಳುವವರೇ ಹೆಚ್ಚು, ಅದಕ್ಕೇ ಮೊದಲು ಅದನ್ನು ಹೇಳಿ ಮುಗಿಸುತ್ತೇನೆ. ಹೆಗಲ ಮೇಲೆ ನಟ್ಟು ಬಿಗಿಯುವ ಉದ್ದನೆಯ ಪಾನಾ, ಕೈಯಲ್ಲಿ ಸುತ್ತಿಗೆ, ಬಗಲಲ್ಲಿ ಕೆಂಪು ಹಸಿರು ಬಾವುಟ. ದಿನಾ ಬೆಳಿಗ್ಗೆ ತನ್ನ ಪಾಲಿನ ಹಳಿಯುದ್ದಕ್ಕೂ, ಅಂದರೆ ತನ್ನ ಸೆಕ್ಷನ್ನಿನುದ್ದಕ್ಕೂ, ನಡೆಯಬೇಕು, ಸಡಿಲಾದದ್ದನ್ನು ಬಿಗಿ ಮಾಡಬೇಕು. ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ. ಕೆಲಸ ಸರಿಯಾಗಿ ಆದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ರೈಲು ನಿಲ್ಲಿಸಿ ಜನರ ಜೀವ ಉಳಿಸಿದವರ ಫೋಟೋ ಪತ್ರಿಕೆಯಲ್ಲಿ ಬರುತ್ತದಲ್ಲ, ಅಂಥದ್ದೊಂದೂ ಅಬ್ಬಾನಿಗೆ ಬರಲಿಲ್ಲ. ಅವರ ಪಾಲಿನ ಹಳಿಯ ಮೇಲೆ ರೈಲು ನಿಲ್ಲಿಸುವ ಪ್ರಸಂಗವೇ ಬರಲಿಲ್ಲ. ನನಗೆ ಹೆಮ್ಮೆ ಇರುವುದು ಅದಕ್ಕೇ.

ಅವರಿಗೆ ಒಂದು ಚಟವಿತ್ತು. ಸಣ್ಣ ಡೈರಿಯೊಂದರಲ್ಲಿ ದಿನಾ ಹೊರಟ ಹೊತ್ತು, ಮುಟ್ಟಿದ ಹೊತ್ತು ಬರೆದು, ಕೆಳಗೆ 'ಎಲ್ಲಾ ಸುರಕ್ಷಿತ' ಎಂದು ಮುಗಿಸುತ್ತಿದ್ದರು. ಮೂವತ್ತೊಂದು ಡೈರಿ ಒಂದು ಟ್ರಂಕಿನಲ್ಲಿವೆ. ಸಣ್ಣವಳಿದ್ದಾಗ ಒಂದೊಂದಾಗಿ ತೆಗೆದು ಏನಾದರೂ ಮಜಾ ಸಿಗುತ್ತದೇನೋ ಎಂದು ಹುಡುಕಿದ್ದೇನೆ. ಎಲ್ಲದರಲ್ಲೂ ಅದೇ ಸಾಲು. ಮುಂದೆ ನನ್ನ ಮದುವೆಯ ದಿನವೂ ಬರೆದದ್ದು ಅದೇ. ನಿವೃತ್ತಿಯಾದ ಮೇಲೂ ಅವರು ಡೈರಿ ಬಿಡಲಿಲ್ಲ. ಸಂತೆಗೆ ಹೋಗಿ ಬಂದರೂ ಬರೆಯುತ್ತಿದ್ದರು.

ಇಂಥ ಮನುಷ್ಯ ಈ ವರ್ಷದ ಫೆಬ್ರುವರಿಯಲ್ಲಿ, ಅರವತ್ತಾರನೆಯ ವಯಸ್ಸಿನಲ್ಲಿ, ನಮ್ಮ ಊರು ವಿಜಯಪುರದ ಮೊಬೈಲುಗಳಿಗೆ ಎರಡು ದಿನದ ಊಟವಾದರು.

ಬುಧವಾರ ಬೆಳಿಗ್ಗೆ ಅಬ್ಬಾ ನಮಾಜು ಮುಗಿಸಿ, ಎರಡು ಜೋಳದ ರೊಟ್ಟಿ ಚೀಲದಲ್ಲಿ ಹಾಕಿಕೊಂಡು, "ಮಧ್ಯಾಹ್ನದೊಳಗೆ ಬರ್ತೇನಿ" ಎಂದು ಹೋದರು. ಮಧ್ಯಾಹ್ನ ಬರಲಿಲ್ಲ. ಸಂಜೆಗೂ ಬರಲಿಲ್ಲ. ಅವರ ಮೊಬೈಲು ಮನೆಯ ಗೂಡಿನಲ್ಲಿಯೇ ರಿಂಗಾಗುತ್ತಿತ್ತು. ಹಳಿಯ ಮೇಲೆ ನಡೆಯುವವನ ಕಿವಿ ಖಾಲಿ ಇರಬೇಕು ಎನ್ನುವುದು ಅವರ ಕಾಲದ ರೂಢಿ. ಕೆಲಸಕ್ಕೆಂದು ಹೊರಟರೆ ಇವತ್ತಿಗೂ ಫೋನು ಒಯ್ಯುವುದಿಲ್ಲ. ಅಮ್ಮಿ ರಾತ್ರಿಯಿಡೀ ಬಾಗಿಲು ಮುಚ್ಚಲು ಬಿಡಲಿಲ್ಲ.

ಗುರುವಾರ ಬೆಳಿಗ್ಗೆ ನನ್ನ ಗಂಡ ಮುನಾಫ ಠಾಣೆಗೆ ಹೋಗಿ ಅರ್ಜಿ ಕೊಟ್ಟ. ನಾನು ಇನ್ನೊಂದು ಕೆಲಸ ಮಾಡಿದೆ. ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಟೇಲರಿಂಗ್ ಅಂಗಡಿ ಇದೆ, ಪಕ್ಕದಲ್ಲಿ ರಾಹುಲನದು ಮೊಬೈಲ್ ಕವರಿನ ಅಂಗಡಿ. ರಾಹುಲ 'ಗುಮ್ಮಟದ ಸುತ್ತಮುತ್ತ' ಎನ್ನುವ ಫೇಸ್‌ಬುಕ್ ಗುಂಪು ನಡೆಸುತ್ತಾನೆ, ನಲವತ್ತು ಸಾವಿರ ಮಂದಿ ಅದರಲ್ಲಿದ್ದಾರೆ. ನಾನೇ ನನ್ನ ಕೈಯಾರೆ ಅಬ್ಬಾನ ಫೋಟೋ ಅವನಿಗೆ ಕೊಟ್ಟೆ. ನಲವತ್ತು ಸಾವಿರ ಮಂದಿಯ ಎಂಬತ್ತು ಸಾವಿರ ಕಣ್ಣು, ಯಾರಾದರೂ ಕಂಡಿರುತ್ತಾರೆ ಎಂದುಕೊಂಡೆ. ಆ ಕಣ್ಣುಗಳಿಗೆಲ್ಲ ಒಂದೊಂದು ಬಾಯಿಯೂ ಇರುತ್ತದೆ ಎನ್ನುವುದು ಹೊಳೆಯಲಿಲ್ಲ.

ಒಂದೇ ತಾಸಿನಲ್ಲಿ ತೊರವಿ ರಸ್ತೆಯ ಯಾವುದೋ ಅಂಗಡಿಯ ಕ್ಯಾಮೆರಾದ ವಿಡಿಯೋ ಬಂತು. ಹನ್ನೊಂದು ಸೆಕೆಂಡು. ಬುಧವಾರ ಬೆಳಿಗ್ಗೆ ಆರು ನಲವತ್ತು. ಬಿಳಿ ಪೈಜಾಮಾ, ಟೋಪಿ, ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಹಗ್ಗ. ಹಗ್ಗದ ತುದಿಗೆ ನಾಯಿ. ಎತ್ತರದ, ತೆಳ್ಳನೆಯ, ಕಂದು ಬಣ್ಣದ ನಾಯಿ, ಹಿಂಗಾಲು ಸ್ವಲ್ಪ ಕುಂಟುತ್ತಿತ್ತು.

ನಾನು ನಂಬಲಿಲ್ಲ. ನಮ್ಮ ಮನೆಯಲ್ಲಿ ನಾಯಿ ಹೊಸ್ತಿಲ ಹತ್ತಿರ ಬಂದರೆ ಅಮ್ಮಿ ಬಕೆಟ್ಟು ತೆಗೆದುಕೊಂಡು ಓಡಿಬರುತ್ತಾಳೆ. ನಾಯಿ ಮುಟ್ಟಿದ ಬಟ್ಟೆಯಲ್ಲಿ ನಮಾಜು ಹೇಗೆ ಮಾಡುವುದು ಎಂದು ಅವಳ ಚಿಂತೆ. ಅಬ್ಬಾ ಎಂದಾದರೂ ನಾಯಿ ಹಿಡಿದದ್ದನ್ನು ನಾನು ಕಂಡಿಲ್ಲ. ಅಮ್ಮಿಗೆ ವಿಡಿಯೋ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದಳು.

"ಅವರ ಅದಾರ," ಅಂದಳು. "ಹೆಜ್ಜಿ ನೋಡು. ಹಳಿ ನಡುವಿನ ಪಟ್ಟಿ ಮ್ಯಾಲೆ ಕಾಲಿಟ್ಟಂಗ, ಒಂದ ಅಳತಿ. ನಾಯಿ ಯಾರದು?"

ನಮ್ಮ ಮನೆಮಾತು ದಖನಿ. ಅಮ್ಮಿ ಕನ್ನಡಕ್ಕೆ ಬರುವುದು ಸಿಟ್ಟು ಬಂದಾಗ ಮಾತ್ರ. ಆ ಮೂರು ದಿನ ಅವಳು ಕನ್ನಡವನ್ನೇ ಆಡಿದಳು.

ಅಲ್ಲಿಂದ ಗುಂಪಿನಲ್ಲಿ ಜಾತ್ರೆ ಶುರುವಾಯಿತು. ನಾಯಿ ಮುಧೋಳ ತಳಿಯದು, ಇಂಥ ನಾಯಿ ಕದ್ದು ಮಾರುವ ಗ್ಯಾಂಗೇ ಇದೆ, ಮುದುಕ ಅದರ ಆಳು ಎಂದು ಒಬ್ಬ ಬರೆದ. ಮುಸಲ್ಮಾನ ಹಿರಿಯ ನಾಯಿ ಹಿಡಿದು ಹೋಗುತ್ತಾನೆಂದರೆ ತಲೆ ಕೆಟ್ಟಿರಬೇಕು ಎಂದು ಇನ್ನೊಬ್ಬ. ಮಗಳು ಊಟ ಹಾಕುತ್ತಿರಲಿಲ್ಲವಂತೆ ಎಂದು ಒಬ್ಬಳು; ಆಕೆಯ ಮೂರು ಬ್ಲೌಸು ಆವತ್ತಿಗೂ ನನ್ನ ಅಂಗಡಿಯಲ್ಲಿ ಹೊಲಿಗೆಗೆ ಬಿದ್ದಿದ್ದವು. ಒಬ್ಬ ಮಹಾಶಯ ಚೀಲದ ಮೇಲೆ ಕೆಂಪು ಗೆರೆ ಎಳೆದು ಚೀಲದಲ್ಲಿ ಏನಿದೆ ಎಂದು ಕೇಳಿದ್ದ. ರೊಟ್ಟಿ ಇತ್ತಪ್ಪಾ, ರೊಟ್ಟಿ ಮತ್ತು ಶೇಂಗಾ ಚಟ್ನಿ. ಆದಿಲಶಾಹಿ ಕಾಲದ ನಿಧಿ ಹುಡುಕಲು ನಾಯಿ ಒಯ್ದಿದ್ದಾನೆ ಎಂದು ಬರೆದವನಿಗೆ ನೂರಾ ಎಂಬತ್ತು ಮಂದಿ ಮೆಚ್ಚುಗೆ ಒತ್ತಿದ್ದರು. ಆ ಹಾದಿಯಲ್ಲಿ ಓಡಾಡುವ ಟೆಂಪೋದವರನ್ನೆಲ್ಲ ಒಳಗೆ ಹಾಕಿ ನಾಲ್ಕು ಬಿಟ್ಟರೆ ಗೊತ್ತಾಗುತ್ತದೆ ಎಂದು ಮತ್ತೊಬ್ಬ. ಕಡೆಗೆ ಯಾರೋ ನಕ್ಷೆ ಹಾಕಿ, ತೊರವಿಯ ಆಚೆಯ ಕಾಲುವೆಗೆ ಬಾಣದ ಗುರುತು ಮಾಡಿ, 'ಇಲ್ಲಿ ಹುಡುಕಿ' ಎಂದು ಬರೆದರು.

ಆ ಬಾಣ ನೋಡಿ ಹೊಲಿಗೆ ಬದಿಗಿಟ್ಟು ಮುನಾಫನಿಗೆ ಫೋನು ಮಾಡಿದೆ. ಮುನಾಫ ನಾಲ್ಕು ಮಂದಿಯನ್ನು ಕರೆದುಕೊಂಡು ಕಾಲುವೆಗುಂಟ ಹುಡುಕಿ ಬಂದ. ಏನೂ ಸಿಗಲಿಲ್ಲ ಎಂದು ಅಳುವ ಹಾಗೆ ನಿಂತ. ಏನೂ ಸಿಗಲಿಲ್ಲವಲ್ಲ ಎಂದು ನಾನು ಖುಷಿಯಲ್ಲಿ ಅತ್ತೆ. ಗುಂಪಿನಲ್ಲಿ ಒಬ್ಬೊಬ್ಬರಿಗೂ ಉತ್ತರ ಬರೆದೆ, ಬೈದೆ, ಕೈಮುಗಿದೆ. ಒಂದಕ್ಕೆ ಉತ್ತರ ಕೊಡುವುದರೊಳಗೆ ಹತ್ತು ಬರುತ್ತಿದ್ದವು. ಗುರುವಾರ ಇಡೀ ದಿನ ಹಾಗೆ ಹಾಳಾಯಿತು.

ಶುಕ್ರವಾರ ಬೆಳಿಗ್ಗೆ ಅಮ್ಮಿ ನನ್ನ ಕೈಯಿಂದ ಫೋನು ಕಸಿದುಕೊಂಡಳು. "ಇದರಾಗ ಇರೋ ಮಂದಿ ನಿಮ್ಮಪ್ಪನ ನೋಡ್ಯಾರೇನು? ರೇವಪ್ಪನ ಕೇಳಿದ್ಯಾ?"

ಕೇಳಿರಲಿಲ್ಲ. ನಾಚಿಕೆಯಿಂದ ಹೇಳುತ್ತೇನೆ, ರೇವಪ್ಪ ಕಾಕಾ ನೆನಪಿಗೇ ಬಂದಿರಲಿಲ್ಲ. ಅವರು ಅಬ್ಬಾನ ಜೊತೆ ಇಪ್ಪತ್ತು ವರ್ಷ ಗ್ಯಾಂಗಿನಲ್ಲಿ ದುಡಿದವರು. ಸ್ಟೇಷನ್ನಿನ ಹಿಂದೆ ಮಾಲಿನ ಶೆಡ್ಡಿನ ಬಳಿ ಬೇವಿನ ಗಿಡದ ಕೆಳಗೆ ದಿನಾ ಕೂರುತ್ತಾರೆ. ಮೊಬೈಲು ಇಲ್ಲ. ಸ್ಕೂಟರ್ ಹತ್ತಿ ಅಲ್ಲಿಗೆ ಹೋದರೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದರು.

"ಕಾಕಾ, ಅಬ್ಬಾ ಎಲ್ಲ್ಯಾರ?"

"ಮನ್ಯಾಗಿಲ್ಲೇನು?" ಎಂದು ಅವರೇ ಗಾಬರಿಯಾದರು. "ಬುಧವಾರ ಮುಂಜಾನೆ ನಾಯಿ ಬಿಟ್ಟ ಬರ್ತೇನಿ ಅಂತ ಹ್ವಾದ. ಎರಡ ದಿನ ಇತ್ತಾಗ ಬರಲಿಲ್ಲ, ನಡದು ದಣಿದಾನ, ಮಲಗಿರಬೇಕು ಅಂತ ನಾ ಸುಮ್ಮನಿದ್ದೆ."

ಆಮೇಲೆ ಎಲ್ಲ ತಿಳಿಯಿತು. ಹದಿನೈದು ದಿನದ ಹಿಂದೆ ಮಮದಾಪುರದ ಮಲಕವ್ವ ಎನ್ನುವ ಹೆಣ್ಣುಮಗಳು ತನ್ನ ಕುರಿ ಹಿಂಡು ಹೊಡೆದುಕೊಂಡು ಊರಿನ ಅಂಚಿನಲ್ಲಿ ಹೊರಟಿದ್ದಳು. ಹೊಲದಿಂದ ಹೊಲಕ್ಕೆ ಹೋಗಿ ಕುರಿ ಕೂಡಿಸುವುದು, ಹಿಕ್ಕೆ ಬಿದ್ದು ಹೊಲಕ್ಕೆ ಗೊಬ್ಬರವಾಗುವುದು, ಅದು ಅವರ ಬದುಕು. ಲಾರಿಯೊಂದು ಹಿಂಡು ಕಾಯುವ ನಾಯಿಯ ಕಾಲಿಗೆ ತಾಗಿತು. ಇನ್ನೂರು ಕುರಿ ಒಂದು ನಾಯಿಗಾಗಿ ರಸ್ತೆಯಲ್ಲಿ ನಿಲ್ಲುವುದಿಲ್ಲ. ಹಾಗೆಂದು ಬಿಟ್ಟು ಹೋಗಲು ಅವಳಿಗೆ ಮನಸ್ಸಿಲ್ಲ. ಗಿಡದ ಕೆಳಗೆ ಕುಳಿತಿದ್ದ ಇಬ್ಬರು ಮುದುಕರನ್ನು ಕಂಡು ನಾಯಿಯನ್ನು ತಂದು ಮಲಗಿಸಿ, "ಯಪ್ಪಾ, ಅರಾಮಾಗೂತನಾ ನೋಡ್ಕೋರಿ. ಬರೋ ಬುಧವಾರದ ಆಚಿ ಬುಧವಾರ ತೊರವಿ ಕಾಲುವಿ ದಂಡ್ಯಾಗ ನಮ್ಮ ಕುರಿ ಇರ್ತಾವ, ಅಲ್ಲಿಗಿ ತಂದ ಕೊಡ್ರಿ" ಎಂದಳು. ಹಗ್ಗವನ್ನು ಅಬ್ಬಾನ ಕೈಗೆ ಕೊಟ್ಟಳು. ಅಬ್ಬಾ ಹಿಡಿದರು.

ಹದಿನೈದು ದಿನ ಅವರು ದಿನಾ ಅಲ್ಲಿಗೆ ಹೋಗಿ ಅದರ ಕಾಲಿಗೆ ಪಟ್ಟಿ ಕಟ್ಟಿದರು, ರೊಟ್ಟಿ ಹಾಕಿದರು. ಅದಕ್ಕೆಂದೇ ಒಂದು ಹಳೆಯ ಅಂಗಿ ಬೇವಿನ ಟೊಂಗೆಗೆ ನೇತುಹಾಕಿದ್ದರು. ಬಂದೊಡನೆ ಅದನ್ನು ಹಾಕಿಕೊಳ್ಳುವುದು, ಹೋಗುವಾಗ ಬಿಚ್ಚಿ ನಳದಲ್ಲಿ ಕೈಕಾಲು ತೊಳೆದು ಮನೆಗೆ ಬರುವುದು. ಅಮ್ಮಿಗೆ ಹೇಳಿದರೆ ಬಕೆಟ್ಟು ಬರುತ್ತದೆಂದು ಹೇಳಿರಲಿಲ್ಲ.

"ತೊರವಿ ಇಲ್ಲೇ ಐತಿ. ಕೊಟ್ಟ ಬರಾಕ ಅರ್ಧ ದಿನ ಸಾಕು," ಎಂದರು ರೇವಪ್ಪ ಕಾಕಾ. "ಬಂದಿಲ್ಲಂದ್ರ..." ಎಂದು ನಿಂತು ನನ್ನ ಮುಖ ನೋಡಿದರು. "ಬಂದಿಲ್ಲಂದ್ರ ಆಚಿ ಮನಿಷ್ಯಾ ಸಿಕ್ಕಿಲ್ಲ. ಗಸ್ತಿನ ಕಾನೂನ ನಿನಗ ಗೊತ್ತೈತಲ್ಲ ಯವ್ವಾ?"

ಗೊತ್ತಿತ್ತು. ಕೀಮನ್ನನ ಮಗಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಮಳೆಗಾಲದಲ್ಲಿ ಅಬ್ಬಾ ಹಳಿಯ ಗಸ್ತಿಗೆ ಹೋಗುತ್ತಿದ್ದರು. ತನ್ನ ಪಾಲಿನ ಹಾದಿ ಮುಗಿಯುವಲ್ಲಿ ಆಚೆಯ ಪಾಲಿನ ಗಸ್ತಿನವನು ಎದುರಿಗೆ ಬರಬೇಕು. ಇಬ್ಬರೂ ತಮ್ಮ ಪುಸ್ತಕ ಬದಲಿ ಮಾಡಿಕೊಳ್ಳಬೇಕು, ಅವನ ಪುಸ್ತಕ ಕೈಗೆ ಬಂದ ಮೇಲೆಯೇ ಹಿಂದಿರುಗಬೇಕು. ಅರ್ಧ ತಾಸು ಕಾದರೂ ಅವನು ಬರಲಿಲ್ಲವೋ, ತಿರುಗುವಂತಿಲ್ಲ. ಅವನ ಪಾಲಿನ ಹಾದಿಯಲ್ಲೇ ಮುಂದೆ ನಡೆಯಬೇಕು, ಅವನು ಸಿಗುವ ತನಕ.

ಅಬ್ಬಾ ಕಾಲುವೆಯಲ್ಲಿಲ್ಲ. ಅವರ ತಲೆ ಕೆಟ್ಟಿಲ್ಲ. ನಲವತ್ತು ಸಾವಿರ ಮಂದಿಗೆ ಹೊಳೆಯದ್ದು ಗಿಡದ ಕೆಳಗಿನ ಒಬ್ಬ ಮುದುಕನಿಗೆ ಹೊಳೆದಿತ್ತು.

ಮನೆಗೆ ಬಂದು ಅಮ್ಮಿಗೆ ಹೇಳಿದೆ. ಅವಳು ಬೈಯುತ್ತಾಳೆಂದುಕೊಂಡಿದ್ದೆ. ಬುರ್ಖಾ ಹಾಕಿಕೊಂಡು ಬಂದು ಸ್ಕೂಟರಿನ ಹಿಂದೆ ಕುಳಿತೇಬಿಟ್ಟಳು. "ನಡಿ. ಹದಿನೈದು ದಿನ ನನ್ನ ಮುಂದ ಸುಳ್ಳ ಆಡ್ಯಾರ, ಸಿಗಲಿ ಅವರು."

ತೊರವಿಯ ಆಚೆ ಕಾಲುವೆ ದಂಡೆಯ ಹೊಲದಲ್ಲಿ ಹಿಕ್ಕೆ ಒಣಗಿ ಬಿದ್ದಿತ್ತು, ಕುರಿ ಇರಲಿಲ್ಲ. ಪಕ್ಕದ ದ್ರಾಕ್ಷಿ ತೋಟಕ್ಕೆ ಔಷಧ ಹೊಡೆದರು, ಬದುವಿನ ಹುಲ್ಲು ತಿಂದು ಕುರಿ ಸತ್ತಾವೆಂದು ಮಂಗಳವಾರವೇ ಹಿಂಡು ಎಬ್ಬಿಸಿಕೊಂಡು ಟಿಕೋಟಾ ಕಡೆ ಹೋದರು ಎಂದು ಹೊಲದವನು ಹೇಳಿದ. "ಒಬ್ರು ಸಾಹೇಬ್ರು ನಾಯಿ ತಗೊಂಡ ಬಂದಿದ್ರು. ಆ ಕಲ್ಲಿನ ಮ್ಯಾಲ ಕುಂತ್ರು. ಬರೋಬ್ಬರಿ ಅರ್ಧ ತಾಸು. ಆಮ್ಯಾಲ ಎದ್ದು ಹಂಗ ಮುಂದ ಹ್ವಾದ್ರು."

ಬರೋಬ್ಬರಿ ಅರ್ಧ ತಾಸು! ಅಮ್ಮಿ ಹಿಂದಿನಿಂದ ನನ್ನ ಬೆನ್ನಿಗೆ ಗುದ್ದಿದಳು. ಅದು ಸಿಟ್ಟಿನ ಗುದ್ದೋ ಖುಷಿಯದೋ ತಿಳಿಯಲಿಲ್ಲ.

ಟಿಕೋಟಾದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ದ್ರಾಕ್ಷಿ ಕ್ರೇಟು ತುಂಬುತ್ತಿದ್ದ ಟೆಂಪೋಗಳ ಬಳಿ ಫೋಟೋ ತೋರಿಸುತ್ತ ಹೋದೆ. ಒಬ್ಬ ಡ್ರೈವರ್ ಫೋಟೋ ಕಂಡೊಡನೆ ಮುಖ ತಿರುಗಿಸಿದ. ಅಮ್ಮಿ ಅವನನ್ನು ಬಿಡಲಿಲ್ಲ.

"ಏ ತಮ್ಮಾ, ಇಲ್ಲಿ ನೋಡು. ನಿನ್ನ ಹೆಸರೇನು?"

"ಸಾದಿಕ ಅಂತರಿ," ಎಂದು ಅವನು ನೆಲ ನೋಡಿದ. "ಅಮ್ಮಾ, ನಂದೇನೂ ತಪ್ಪಿಲ್ರಿ. ಬುಧವಾರ ಅವರು ಇಲ್ಲೇ ಮಸೂತಿ ಕಟ್ಟಿ ಮ್ಯಾಲ ಮಲಗಿದ್ರು, ನಾಯಿ ಗಿಡಕ್ಕ ಕಟ್ಟಿದ್ರು. ಸ್ಟೇಷನ್ ರೋಡಿನ ಟೇಲರ್ ಅಂಗಡ್ಯಾಗ ನನ್ನ ಮಗಳದಾಳ, ಕುರಿ ಸಿಕ್ಕಿಲ್ಲ, ಮುಂದ ಹೋಗಾಕತ್ತೇನಿ, ಚಿಂತಿ ಮಾಡಬ್ಯಾಡ ಅಂತ ಹೇಳು ಅಂದಿದ್ರು. ಗುರುವಾರ ಮಾಲ ತಗೊಂಡ ಬಂದೆ. ನಿಮ್ಮ ಅಂಗಡಿ ಮುಂದ ಗದ್ದಲ ಇತ್ತು. ಮೊಬೈಲ್ ನೋಡಿದ್ರ ಟೆಂಪೋದವರನ್ನ ಒಳಗ ಹಾಕ್ರಿ ಅಂತ ಬರದಾರ. ಹೆದರಿ ವಾಪಸ್ ಬಂದೆ."

ಅಬ್ಬಾ ಹೇಳಿ ಕಳಿಸಿದ್ದರು. ಹೇಳಿ ಕಳಿಸಿದ ಮಾತು ನನ್ನ ಅಂಗಡಿಯ ಬಾಗಿಲ ತನಕ ಬಂದು, ನಾನೇ ಶುರುಮಾಡಿಸಿದ ಗದ್ದಲ ಕಂಡು ಹಿಂದೆ ಹೋಗಿತ್ತು. ಸಾದಿಕನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವನು ಕಾಗದದಲ್ಲಿ ಒಂದಿಷ್ಟು ದ್ರಾಕ್ಷಿ ಕಟ್ಟಿ ಅಮ್ಮಿಯ ಕೈಗಿಟ್ಟು, ಕುರಿ ಬಬಲೇಶ್ವರದ ಹಾದಿ ಹಿಡಿದಿವೆ, ಅವರೂ ಹಾಗೇ ಹೋದರು ಎಂದ.

ಬಬಲೇಶ್ವರದಲ್ಲಿ ಚಹಾದ ಅಂಗಡಿಯವಳು, ಹಿಂಡು ನಿನ್ನೆಯೇ ಮಮದಾಪುರದ ಕಡೆ ದಾಟಿತೆಂದೂ, ನಾಯಿ ಹಿಡಿದವರು ಬೆಳಿಗ್ಗೆ ಚಹಾ ಕುಡಿದು ಹೋದರೆಂದೂ ಹೇಳಿದಳು. ಮಮದಾಪುರದ ರಸ್ತೆಯಲ್ಲಿ ಸುಮಾರು ದೂರ ಹೋದ ಮೇಲೆ, ಮುಂದೆ ಎಡಬದಿಯಲ್ಲಿ, ಬಿಸಿಲಿನಲ್ಲಿ, ಒಂದೇ ಅಳತೆಯ ಹೆಜ್ಜೆಗಳು ಕಂಡವು. ಪಕ್ಕದಲ್ಲಿ ಕುಂಟುತ್ತ ನಾಯಿ. ನಾನು ಹಾರ್ನ್ ಒತ್ತಿದೆ. ಅಬ್ಬಾ ತಿರುಗಿ ನೋಡಿದರು.

"ಅಂಗಡಿ ಯಾಕ ಮುಚ್ಚಿ ಬಂದಿ?" ಎಂದರು.

ನಾನು ಅಳುತ್ತಿದ್ದೆ. ಅಮ್ಮಿ ಇಳಿದು ರಸ್ತೆಯ ನಡುವೆ ನಿಂತು, ಕನ್ನಡದಲ್ಲಿ ಏನೇನು ಬೈಗುಳ ಇವೆಯೋ ಎಲ್ಲ ಮುಗಿಸಿದಳು. ಅಬ್ಬಾ ಕೇಳಿಸಿಕೊಂಡರು. "ಸಾದಿಕ ಹೇಳಲಿಲ್ಲೇನು?" ಎಂದಷ್ಟೇ ಕೇಳಿದರು.

ನಾನು ಫೋನು ಕೊಟ್ಟೆ. ಕೊಡಬಾರದಿತ್ತು, ಆದರೆ ಸಿಟ್ಟಿನಲ್ಲಿದ್ದೆ. ಅವರು ಕನ್ನಡಕ ಏರಿಸಿ ಓದಿದರು. ನಿಧಿಯ ಮಾತಿಗೆ ನಕ್ಕರು. ನಾಯಿಗಳ್ಳ ಎನ್ನುವಲ್ಲಿಗೆ ಬಂದಾಗ ನಗು ನಿಂತಿತು. ಅದನ್ನು ಇನ್ನೊಂದು ಸಲ ಓದಿದರು.

"ಬರ್ರಿ ಅಬ್ಬಾ, ಸ್ಕೂಟರ್ ಹತ್ರಿ," ಅಂದೆ. "ಅಮ್ಮಿ ಬಸ್ಸಿಗೆ ಬರ್ತಾಳ. ನಾಯಿನ ಇಲ್ಲೇ ಯಾರ ಹಂತೇಕಾದರೂ ಬಿಡೋಣು. ಪೊಲೀಸರಿಗಿ ಮುಖ ತೋರಿಸಿದ್ರ ಇದೆಲ್ಲಾ ಮುಗಿತೈತಿ."

ಅಬ್ಬಾ ಫೋನು ನನ್ನ ಕೈಗೆ ಹಿಂದಕ್ಕೆ ಕೊಟ್ಟರು. "ಒಪ್ಪಿಸದ ಹೊಳ್ಳಿ ಮನಿಗಿ ಹ್ವಾದ್ರ ಅವರಂದದ್ದ ಖರೆ ಆಗತೈತಿ, ತರನ್ನುಮ. ಆಕಿ ಕೈಯಿಂದ ಇಸಗೊಂಡೇನಿ, ಆಕಿ ಕೈಯಾಗ ಕೊಡಬೇಕು," ಎಂದು ನಡೆಯತೊಡಗಿದರು.

ಅಮ್ಮಿ ಬುರ್ಖಾದ ಅಂಚು ಎತ್ತಿ ಹಿಡಿದು ಬಿರಬಿರನೆ ಹೋಗಿ ಅವರ ಜೊತೆ ಕೂಡಿದಳು. ಮೊದಲು ನಾಯಿಗೂ ಅವಳಿಗೂ ನಡುವೆ ಅಬ್ಬಾ ಇದ್ದರು. ಅರ್ಧ ಮೈಲು ಹೋದ ಮೇಲೆ ಅಬ್ಬಾನ ಕಾಲಿಗೆ ಬೊಬ್ಬೆ ಬಂದದ್ದು ಕಂಡು, "ಕೊಡ್ರಿ ಇಲ್ಲಿ" ಎಂದು ಹಗ್ಗ ಕಸಿದುಕೊಂಡಳು. ಬಕೆಟ್ಟಿನ ನಮ್ಮ ಅಮ್ಮಿ ಇಮಾಮಬಿ ನಾಯಿ ಹಿಡಿದು ನಡೆಯುತ್ತಿದ್ದಳು. ನಾನು ಹಿಂದೆ ಸ್ಕೂಟರನ್ನು ನಡೆದಷ್ಟೇ ನಿಧಾನ ಓಡಿಸುತ್ತ ಹೋದೆ. ಇಂಥ ತಂದೆತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದೇನೆ ಎಂದು ಕೂಗಿ ಹೇಳಬೇಕೆನ್ನಿಸಿತು. ಕೇಳಲು ರಸ್ತೆಯಲ್ಲಿ ಯಾರೂ ಇರಲಿಲ್ಲ. ಗಾಡಿ ನಿಲ್ಲಿಸಿ ಗುಂಪಿನಲ್ಲಿ ಒಂದೇ ಸಾಲು ಬರೆದೆ: 'ಅಬ್ದುಲಸಮದ, ನಿವೃತ್ತ ಕೀಮನ್, ನಾಪತ್ತೆಯಾಗಿಲ್ಲ. ಡ್ಯೂಟಿಯ ಮೇಲಿದ್ದಾರೆ.' ಮುನಾಫನಿಗೆ ಫೋನು ಮಾಡಿ ಠಾಣೆಗೆ ತಿಳಿಸಲು ಹೇಳಿದೆ.

ಮಮದಾಪುರದ ಕೆರೆಯ ಹತ್ತಿರ ಬರುವಾಗ ನಾಯಿ ಕಿವಿ ನೆಟ್ಟಗೆ ಮಾಡಿತು. ಕೆರೆಯ ಏರಿಯ ಕೆಳಗೆ ಕುರಿಗಳು. ಅಮ್ಮಿಯ ಕೈಯಿಂದ ಹಗ್ಗ ಜಾರಿಸಿಕೊಂಡು ಓಡಲು ಎಳೆದಾಡಿತು. ಅಬ್ಬಾ ಹಗ್ಗ ಹಿಡಿದುಕೊಂಡರು, ಬಿಡಲಿಲ್ಲ.

ಮಲಕವ್ವ ಕೋಲು ಊರಿ ನೋಡಿದಳು. ನಂಬಿಕೆ ಬರಲಿಲ್ಲವೇನೋ, ಹತ್ತಿರ ಬಂದು ನಾಯಿಯ ಮುಖ ಎರಡೂ ಕೈಯಲ್ಲಿ ಹಿಡಿದು ನೋಡಿದಳು. "ಯಪ್ಪಾ, ನನ್ನ ನಾಯಿ ಹ್ವಾತು ಅಂತ ಕೈ ಬಿಟ್ಟಿದ್ನಲ್ಲೋ! ಔಷಧ ಹೊಡದ್ರು ಅಂತ ಕುರಿ ಎಬ್ಬಿಸಿದ್ವಿ. ನಿಮಗ ಹೆಂಗ ಹೇಳಿ ಕಳಸಬೇಕು, ನಂಬರ ಇಲ್ಲ, ಹೆಸರಿಲ್ಲ. ಇಷ್ಟ ದೂರ ಯಾರ ಬರ್ತಾರ ಅಂದಕೊಂಡಿದ್ದೆ."

"ಎದುರಿನ ಮಂದಿ ಬರದಿದ್ರ ನಾವ ಮುಂದ ಬರಬೇಕ್ರೆವ್ವಾ, ಹಂಗೈತಿ ನಮ್ಮ ಕಾನೂನ," ಎಂದು ಅಬ್ಬಾ ಹಗ್ಗವನ್ನು ಅವಳ ಬಲಗೈಗೆ ಇಟ್ಟರು. ಆಮೇಲೆ ಜೇಬಿನಿಂದ ಡೈರಿ ತೆಗೆದು ಹಾಳೆ ತಿರುವಿ ಅವಳ ಮುಂದೆ ಹಿಡಿದರು. "ಮುಟ್ಟೇತಿ ಅಂತ ಇಲ್ಲೊಂದ ಸಹಿ ಮಾಡ್ರಿ."

"ನನಗ ಸಹಿ ಬರೂದಿಲ್ರಿ."

ಅವಳು ಹೆಬ್ಬೆಟ್ಟು ಒತ್ತಲು ಮಸಿ ಹುಡುಕುವವಳಂತೆ ಆಚೀಚೆ ನೋಡಿದಳು. ಆಮೇಲೆ ಸೊಂಟದ ಸಣ್ಣ ಚೀಲಕ್ಕೆ ಕೈ ಹಾಕಿ ದೇವರ ಭಂಡಾರ ತೆಗೆದಳು, ಕುರಿಗಾರರು ಸದಾ ಇಟ್ಟುಕೊಳ್ಳುವ ಅರಿಶಿನದ ಪುಡಿ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಹಸಿ ಮಾಡಿ, ಅದರಲ್ಲಿ ಅದ್ದಿ, ಹಾಳೆಯ ಮೇಲೆ ಗಟ್ಟಿಯಾಗಿ ಒತ್ತಿದಳು. ಹಳದಿ ಹೆಬ್ಬೆಟ್ಟು ಮೂಡಿತು. ಅಮ್ಮಿ ಕೆರೆಯಲ್ಲಿ ಕೈ ತೊಳೆಯುತ್ತ, "ಅದರ ಕಾಲಿಗೂ ಒಂದಿಷ್ಟ ಅರಿಶಿನ ಹಚ್ಚವ್ವಾ, ಇನ್ನೂ ಕುಂಟತೈತಿ," ಎಂದಳು.

ರಾಹುಲ ಮರುದಿನ ಬಂದು ಅಬ್ಬಾನ ಕಾಲು ಮುಟ್ಟಿದ. ಆ ಪೋಸ್ಟನ್ನು ತೆಗೆದುಹಾಕಿದ್ದೇನೆ, ಹೆಬ್ಬೆಟ್ಟಿನ ಫೋಟೋ ಕೊಟ್ಟರೆ ಹಾಕುತ್ತೇನೆ, ಲಕ್ಷ ಮಂದಿ ನೋಡುತ್ತಾರೆ ಎಂದ. ನಾನು ಕೊಡಲಿಲ್ಲ. ನೋಡಬೇಕೆಂದವರು ನಮ್ಮ ಮನೆಗೆ ಬಂದು ಚಹಾ ಕುಡಿದು ನೋಡಲಿ. ಬ್ಲೌಸಿನವಳು ಬಂದು ನೋಡಿದಳು, ಕಣ್ಣೊರೆಸಿಕೊಂಡಳು, ಹೊಲಿಗೆಯಲ್ಲಿ ಅವಳಿಗೆ ನಾನೇನೂ ರಿಯಾಯಿತಿ ಮಾಡಲಿಲ್ಲ.

ಆದರೆ ನನ್ನ ಕಣ್ಣಿಗೆ ಕಟ್ಟಿದ್ದು ಆ ಕೆರೆಯ ಏರಿ. ಹೆಬ್ಬೆಟ್ಟು ಬಿದ್ದ ಮೇಲೆ ಅಬ್ಬಾ ಕಲ್ಲಿನ ಮೇಲೆ ಕುಳಿತು ಪೆನ್ನು ತೆಗೆದರು. ನಾನು ಹಿಂದೆ ನಿಂತು ಬಗ್ಗಿ ಓದಿದೆ. 'ಹೊರಟದ್ದು ಬುಧವಾರ 6.20. ಒಪ್ಪಿಸಿದ್ದು ಶುಕ್ರವಾರ 4.10. ಎಲ್ಲಾ ಸುರಕ್ಷಿತ.'

"ಎಲ್ಲಾ ಸುರಕ್ಷಿತ ಏನು ಅಬ್ಬಾ?" ಎಂದು ನನಗೆ ಮತ್ತೆ ಸಿಟ್ಟು ಬಂತು. "ಎರಡ ದಿನ ಊರ ತುಂಬ ನಿಮ್ಮ ಹೆಸರ ಕೆಡಿಸ್ಯಾರ. ಕಳ್ಳ ಅಂದಾರ, ಹುಚ್ಚ ಅಂದಾರ. ಅದನ್ನ ಯಾಕ ಬರೀಲಿಲ್ಲ?"

ಅಬ್ಬಾ ಡೈರಿ ಮುಚ್ಚಿ ಜೇಬಿಗಿಟ್ಟು ಎದ್ದರು.

"ಅದು ನನ್ನ ಸೆಕ್ಷನ್ನಿನಾಗ ಬರೂದಿಲ್ಲವ್ವಾ," ಎಂದು ರಸ್ತೆ ದಾಟಿ, ಇನ್ನೊಂದು ಬದಿ ಹಿಡಿದು, ಬೊಬ್ಬೆ ಬಂದ ಕಾಲಿನಲ್ಲಿಯೇ ವಿಜಯಪುರದ ಕಡೆ ನಡೆಯಲು ಹೊರಟರು. ಅಮ್ಮಿ ಕೂಗಿ ನಿಲ್ಲಿಸಿದ ಮೇಲೆಯೇ ಅವರು ಬಸ್ಸಿಗೆ ಕೈ ಮಾಡಿದ್ದು.